ಜನರಿಂದ ದೂರವಿರುವ ಚಿತ್ರಕಾರರಿಗೆ ಅಭಿಮಾನಿಯ ಪತ್ರ: ಬರೆಯಬಹುದೇ, ಬರೆದರೆ ಏನು ಬರೆಯಬೇಕು?

ಮಸಿಕುಡಿಕೆ

ಎಲ್ಲರಿಗೂ ನಮಸ್ಕಾರ. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿರುವ ನಾನು, ಬಹಳ ದಿನಗಳಿಂದ ಮನಸ್ಸಿನಲ್ಲಿರುವ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅಮೆರಿಕದ ಪತ್ರಿಕೆಗಳಲ್ಲಿ ಬರುತ್ತಿದ್ದ, ಕ್ಯಾಲ್ವಿನ್ ಎಂಬ ಹುಡುಗ ಮತ್ತು ಹಾಬ್ಸ್ ಎಂಬ ಹುಲಿಯ ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಚಿತ್ರಸರಣಿಯನ್ನು ರಚಿಸಿದ ಬಿಲ್ ವಾಟರ್ಸನ್ ಅವರಿಗೆ ಒಂದು ಪತ್ರ ಬರೆಯಬೇಕೆಂಬುದು ನನ್ನ ಆಸೆ. 1985ರ ನವೆಂಬರ್ 18ರಂದು ಆರಂಭವಾದ ಆ ಸರಣಿಯನ್ನು ಅವರು 1995ರ ಡಿಸೆಂಬರ್ 31ರಂದು, ಓದುಗರ ಪ್ರೀತಿ ಸ್ವಲ್ಪವೂ ಇಳಿಯದಿದ್ದಾಗಲೇ, ನಿಲ್ಲಿಸಿಬಿಟ್ಟರು. ಆ ಹುಡುಗನನ್ನೂ ಹುಲಿಯನ್ನೂ ಬೊಂಬೆಗಳನ್ನಾಗಿ ಮಾಡಿ, ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರಲು ಕೊನೆಯವರೆಗೂ ಒಪ್ಪಲಿಲ್ಲ. ಅಂದಿನಿಂದ ಅವರು ಕೊಟ್ಟ ಸಂದರ್ಶನಗಳನ್ನು ಬೆರಳುಗಳಲ್ಲಿ ಎಣಿಸಬಹುದು. ಹೊರಗೆ ಬಂದ ಛಾಯಾಚಿತ್ರಗಳೂ ಅಷ್ಟೇ.

ನಾನು ಈ ಸರಣಿಯನ್ನು ಮೊದಲು ಕಂಡದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ರಟ್ಟು ಕಳಚಿಹೋಗಿದ್ದ ಒಂದು ಸಂಪುಟದಲ್ಲಿ. ಕುಂಚದ ಒಂದೇ ಗೆರೆ ಹೇಗೆ ದಪ್ಪವಾಗಿ ಹೊರಟು ಕೂದಲೆಳೆಯಷ್ಟು ಸಣ್ಣದಾಗಿ ಮುಗಿಯಬಲ್ಲದು ಎಂಬುದನ್ನು ಮಕ್ಕಳಿಗೆ ತೋರಿಸಲು ಇಂದಿಗೂ ಅದೇ ಪುಸ್ತಕವನ್ನು ತರಗತಿಗೆ ಒಯ್ಯುತ್ತೇನೆ.

ಕಳೆದ ವಾರ ಕೊನೆಗೂ ಕುಳಿತು ಕರಡು ಬರೆದೆ, ನಾಲ್ಕು ಪುಟವಾಯಿತು. ಅವರ ಚಿತ್ರಗಳು ನನ್ನ ಬದುಕಿನ ದಿಕ್ಕನ್ನೇ ಬದಲಿಸಿದವೆಂದು ಆರಂಭಿಸಿ, ನನ್ನ ಬಾಲ್ಯ, ನೌಕರಿ, ತಂದೆಯವರ ಕಾಯಿಲೆ ಎಲ್ಲವನ್ನೂ ಹೇಳಿ, ಸರಣಿಯನ್ನು ಏಕೆ ನಿಲ್ಲಿಸಿದಿರೆಂದು ಕೇಳಿ, ಸಾಧ್ಯವಾದರೆ ಒಂದು ಕಾರ್ಡಿನ ಮೇಲೆ ಹುಲಿಯ ಚಿತ್ರವೊಂದನ್ನು ಬರೆದು ಸಹಿ ಹಾಕಿ ಕಳುಹಿಸಬೇಕೆಂದು ಕೋರಿ ಮುಗಿಸಿದ್ದೆ. ಮನೆಯಾಕೆ ಅದನ್ನು ಓದಿ ‘ಇದು ಪತ್ರವೋ ಅರ್ಜಿಯೋ?’ ಎಂದು ಕೇಳಿದಳು. ಆ ಮಾತಿನ ನಂತರ ಕರಡನ್ನು ಮತ್ತೆ ಮುಟ್ಟಲು ಧೈರ್ಯವಾಗಿಲ್ಲ. ಇಂಥವರಿಗೆ ಪತ್ರ ಬರೆಯುವುದು ಸರಿಯೇ? ಬರೆದರೆ ಹೇಗೆ ಬರೆಯಬೇಕು? ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಕರಾವಳಿಯ ಓದುಗ

ಮಸಿಕುಡಿಕೆಯವರೇ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬರೆಯಬೇಡಿ. ಒಬ್ಬ ಕಲಾವಿದರು ತಮ್ಮ ಕೆಲಸವನ್ನು ಲೋಕಕ್ಕೆ ಕೊಟ್ಟು, ತಮ್ಮನ್ನು ಮಾತ್ರ ಕೊಡುವುದಿಲ್ಲವೆಂದು ಇಷ್ಟು ಸ್ಪಷ್ಟವಾಗಿ ಹೇಳಿರುವಾಗ, ‘ಬೇರೆಯವರಂತೆ ನಾನು ತೊಂದರೆ ಕೊಡುವವನಲ್ಲ’ ಎಂದುಕೊಂಡು ಬಾಗಿಲು ತಟ್ಟುವ ಪ್ರತಿಯೊಬ್ಬನೂ ಆ ಬೇರೆಯವರಲ್ಲಿ ಒಬ್ಬನೇ ಆಗಿರುತ್ತಾನೆ. ಮೂಡಿಗೆರೆಯ ‘ನಿರುತ್ತರ’ಕ್ಕೆ ತೇಜಸ್ವಿಯವರನ್ನು ನೋಡಲೆಂದು ಹೇಳದೆ ಕೇಳದೆ ಹೋದ ಕಥೆಯನ್ನು ನಮ್ಮಲ್ಲಿ ಎಷ್ಟು ಮಂದಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆಂಬುದನ್ನು ನೆನಪಿಸಿಕೊಳ್ಳಿ. ಅಂಥ ಕಥೆಗಳಲ್ಲಿ ಹೋದವನ ಧನ್ಯತೆ ಇರುತ್ತದೆಯೇ ಹೊರತು, ಕೆಲಸ ಬಿಟ್ಟು ಎದ್ದುಬಂದವರ ಅರ್ಧ ದಿನದ ಲೆಕ್ಕ ಇರುವುದಿಲ್ಲ.

ನಿಮ್ಮ ಮನೆಯವರು ಕೇಳಿದ ಪ್ರಶ್ನೆಯೇ ಈ ಚರ್ಚೆಗೆ ಸಾಕಾಗುತ್ತದೆ ಎಂದು ನನಗನ್ನಿಸುತ್ತದೆ.

ಹಳೆಯ ಸಂಚಿಕೆ

ಕರಾವಳಿಯ ಓದುಗರ ಕಾಳಜಿಯನ್ನು ಗೌರವಿಸುತ್ತಲೇ ಸ್ವಲ್ಪ ಬೇರೆ ಮಾತನ್ನು ಹೇಳಬೇಕಾಗಿದೆ. ನಾನು ನ್ಯೂಜೆರ್ಸಿಯಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. 2012ರಲ್ಲಿ ನಾನು ಸ್ಟೀವ್ ಡಿಟ್ಕೊ ಅವರಿಗೆ ಒಂದು ಪತ್ರ ಬರೆದಿದ್ದೆ. ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ‘ಏಕಾಂತವಾಸಿ’ ಎಂಬ ಪದ ಯಾರಿಗಾದರೂ ಅಂಟಿಕೊಂಡಿತ್ತೆಂದರೆ ಅದು ಅವರಿಗೆ. ಅವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಿದರೆ ನಿಮ್ಮ ಪ್ರಶ್ನೆಗೆ ಉಪಯೋಗವಾದೀತು.

1927ರಲ್ಲಿ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಹುಟ್ಟಿದ ಡಿಟ್ಕೊ, ಸೈನ್ಯದಲ್ಲಿ ಕೆಲಕಾಲ ಇದ್ದು ಬಂದ ಮೇಲೆ ನ್ಯೂಯಾರ್ಕಿನಲ್ಲಿ ಜೆರ್ರಿ ರಾಬಿನ್ಸನ್ ಅವರ ಬಳಿ ಚಿತ್ರ ಕಲಿತರು. 1962ರಲ್ಲಿ ಬಂದ ‘ಅಮೇಜಿಂಗ್ ಫ್ಯಾಂಟಸಿ’ಯ 15ನೆಯ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್‌ನನ್ನು, ಮರುವರ್ಷ ಡಾಕ್ಟರ್ ಸ್ಟ್ರೇಂಜ್ ಎಂಬ ಮಾಂತ್ರಿಕನನ್ನು ಬರೆದು ಓದುಗರ ಮುಂದೆ ನಿಲ್ಲಿಸಿದವರು ಅವರೇ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ ಮೊದಲ 38 ಸಂಚಿಕೆಗಳಿಗೆ ಚಿತ್ರ ಬರೆದು, ಕೊನೆಕೊನೆಗೆ ಕಥೆಯ ಹಂದರವನ್ನೂ ತಾವೇ ಹೆಣೆಯುತ್ತಿದ್ದು, 1966ರಲ್ಲಿ ಆ ಕೆಲಸವನ್ನು ಬಿಟ್ಟು ಹೊರಟರು. 1960ರ ದಶಕ ಮುಗಿಯುವ ಹೊತ್ತಿಗೆ ಸಂದರ್ಶನಗಳನ್ನೂ ನಿಲ್ಲಿಸಿದರು. ‘ನಾನು ಓದುಗರಿಗೆ ಕೊಡುತ್ತಿರುವುದು ನನ್ನ ವ್ಯಕ್ತಿತ್ವವನ್ನಲ್ಲ, ನನ್ನ ಕೆಲಸವನ್ನು. ನಾನು ಎಂಥವನೆಂಬುದು ಮುಖ್ಯವಲ್ಲ, ಏನು ಮಾಡಿದೆ, ಎಷ್ಟು ಚೆನ್ನಾಗಿ ಮಾಡಿದೆ ಎಂಬುದಷ್ಟೇ ಮುಖ್ಯ’ ಎಂಬ ಅರ್ಥದ ಮಾತನ್ನು ಆ ಕಾಲದಲ್ಲೇ ಹೇಳಿದ್ದರು. ಆಮೇಲೆ 2018ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಮಾತಿಗೆ ಅಂಟಿಕೊಂಡೇ ಇದ್ದರು.

ಆದರೆ ಇಲ್ಲೇ ಒಂದು ವಿಚಿತ್ರವಿದೆ. ಈ ‘ಏಕಾಂತವಾಸಿ’ ಮ್ಯಾನ್‌ಹ್ಯಾಟನ್ನಿನ ನಟ್ಟನಡುವೆ ಒಂದು ಕೆಲಸದ ಕೋಣೆ ಇಟ್ಟುಕೊಂಡು ದಿನವೂ ಅಲ್ಲಿಗೆ ಹೋಗಿ ಚಿತ್ರ ಬರೆಯುತ್ತಿದ್ದರು. ಕಾಡಿನ ಗುಹೆಯಲ್ಲಿ ಅಡಗಿ ಕುಳಿತವರಲ್ಲ. ತಮಗೆ ಬಂದ ಕಾಗದಗಳಿಗೆ ಸ್ವಂತ ಕೈಬರಹದಲ್ಲಿ ಉತ್ತರ ಬರೆಯುತ್ತಿದ್ದರು; ಅವರಿಂದ ಹಾಗೆ ಉತ್ತರ ಪಡೆದ ಸಾಮಾನ್ಯ ಓದುಗರು ಅನೇಕರಿದ್ದಾರೆ. 2007ರಲ್ಲಿ ಬಿಬಿಸಿಗಾಗಿ ಡಿಟ್ಕೊ ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಟಿವಿ ನಿರೂಪಕ ಜೊನಾಥನ್ ರಾಸ್ ಅವರು ಲೇಖಕ ನೀಲ್ ಗೈಮನ್ ಅವರೊಡನೆ ಆ ಕೋಣೆಗೇ ಹೋದಾಗ, ಕ್ಯಾಮೆರಾ ಒಳಗೆ ಬರಕೂಡದೆಂದರೂ, ಬಂದವರೊಡನೆ ಮಾತನಾಡಿ ಕೆಲವು ಕಾಮಿಕ್ಸ್ ಪುಸ್ತಕಗಳನ್ನು ಕೈಗಿತ್ತು ಕಳುಹಿಸಿದರು. ಅಂದರೆ ಅವರು ಬೇಡವೆಂದದ್ದು ಪ್ರಚಾರವನ್ನು, ತಮ್ಮನ್ನು ಒಂದು ನೋಡುವ ವಸ್ತುವಾಗಿಸುವುದನ್ನು. ಓದುಗನೊಬ್ಬ ಓದುಗನಾಗಿ ಬರೆದ ಕಾಗದವನ್ನಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ‘ಬರೆಯಲೇಬೇಡಿ’ ಎನ್ನುವುದೂ ಅವರ ಪರವಾಗಿ ನಾವೇ ನಿರ್ಧಾರ ತೆಗೆದುಕೊಂಡಂತೆ ಆಗುತ್ತದೆ.

ನಾನು ಬರೆದದ್ದು ಒಂದು ಪುಟ. ಸ್ಪೈಡರ್‌ಮ್ಯಾನ್‌ನ ಹೆಸರನ್ನೇ ಎತ್ತಲಿಲ್ಲ. ಆ ವರ್ಷಗಳಲ್ಲಿ ಅವರು ಪ್ರಕಾಶಕ ರಾಬಿನ್ ಸ್ನೈಡರ್ ಅವರೊಡನೆ ಸೇರಿ ಕಪ್ಪು-ಬಿಳುಪಿನ ಸಣ್ಣ ಪುಸ್ತಕಗಳನ್ನು ಪ್ರಕಟಿಸುತ್ತಿದ್ದರು. ಅಂಗಡಿಗಳಲ್ಲಿ ಅವು ಕಾಣುತ್ತಿದ್ದುದೇ ಅಪರೂಪ. ಅವುಗಳಲ್ಲಿ ಎರಡನ್ನು ತರಿಸಿಕೊಂಡು ಓದಿ, ಒಂದು ಪುಟದ ಚೌಕಗಳ ಜೋಡಣೆಯ ಬಗ್ಗೆ ನನಗೆ ಅರ್ಥವಾಗದ ಒಂದು ವಿಷಯವನ್ನು ಕೇಳಿದೆ. ಕೆಲವು ವಾರಗಳ ನಂತರ ಉತ್ತರ ಬಂತು.

ಚೌಕಟ್ಟು

ಪುಸ್ತಕಗಳಿಗೆ ಚಿತ್ರ ಬರೆದುಕೊಡುವುದೇ ನನ್ನ ವೃತ್ತಿಯಾದ್ದರಿಂದ, ಅಭಿಮಾನಿಗಳ ಪತ್ರ ಪಡೆಯುವವರ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ನಾನು ಪ್ರಸಿದ್ಧನಲ್ಲ, ವರ್ಷಕ್ಕೆ ಐದಾರು ಪತ್ರಗಳು ಬಂದರೆ ಹೆಚ್ಚು. ಆದರೂ ‘ನಿಮ್ಮ ಚಿತ್ರಗಳು ಬಹಳ ಚೆನ್ನಾಗಿವೆ’ ಎಂಬ ಪತ್ರಕ್ಕೆ ಧನ್ಯವಾದ ಹೇಳುವುದನ್ನು ಬಿಟ್ಟು ಬೇರೇನನ್ನೂ ಹೇಳಲಾಗುವುದಿಲ್ಲವೆಂಬುದು ನನಗೆ ಗೊತ್ತು. ‘ಮೂರನೆಯ ಪುಟದ ಮುದುಕಿಯ ಕೈಯನ್ನು ಸೆರಗಿನೊಳಗೆ ಏಕೆ ಅಡಗಿಸಿದಿರಿ’ ಎಂದು ಒಬ್ಬರು ಕೇಳಿದ್ದರು. ಆ ಪತ್ರಕ್ಕೆ ಅಂದೇ ಎರಡು ಪುಟಗಳ ಉತ್ತರ ಬರೆದೆ. (ಕೈ ಬರೆಯಲು ಬರುತ್ತಿರಲಿಲ್ಲ ಎಂಬುದೇ ಅದರ ಸಾರಾಂಶ.)

ಡಿಟ್ಕೊ ಅವರ ವಿಷಯ ಬಂದದ್ದರಿಂದ ಅವರ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ 33ನೆಯ ಸಂಚಿಕೆಯಲ್ಲಿ ನಾಯಕ ಒಂದು ಭಾರೀ ಯಂತ್ರದ ಅಡಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಸುತ್ತಲೂ ನೀರು ಸೋರುತ್ತಿದೆ. ಅವನು ಅದನ್ನು ಎತ್ತಲು ಹೆಣಗುತ್ತಿರುವಾಗ ಚೌಕಗಳು ಒಂದೊಂದಾಗಿ ದೊಡ್ಡದಾಗುತ್ತಾ ಹೋಗಿ, ಯಂತ್ರವನ್ನು ಎತ್ತಿ ಎಸೆಯುವ ಕ್ಷಣ ಇಡೀ ಪುಟವನ್ನು ತುಂಬಿಕೊಳ್ಳುತ್ತದೆ. ‘ಆ ದೃಶ್ಯ ಅದ್ಭುತ’ ಎಂದು ಸಾವಿರ ಜನ ಬರೆದಿರಬಹುದು. ಆ ದೊಡ್ಡ ಚಿತ್ರವನ್ನು ಕೊನೆಯ ಕ್ಷಣದವರೆಗೆ ಕಾಯ್ದಿರಿಸಿದ ಲೆಕ್ಕಾಚಾರವನ್ನು ಗಮನಿಸಿ ಬರೆದವರು ಎಷ್ಟು ಮಂದಿ? ಡಾಕ್ಟರ್ ಸ್ಟ್ರೇಂಜ್‌ನ ಬೆರಳುಗಳ ಮುದ್ರೆಗಳನ್ನು ನಮ್ಮಲ್ಲಿ ಭರತನಾಟ್ಯ ಕಲಿತವರು ನೋಡಿದರೆ ಅವರಿಗೆ ಹೊಳೆಯುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ. ನಮ್ಮ ಕಣ್ಣಿಗೆ ಮಾತ್ರ ಕಂಡದ್ದು ಏನಾದರೂ ಇದ್ದರೆ ಅದನ್ನೇ ಬರೆಯಬೇಕು.

ಹಾಗಾಗಿ ಮಸಿಕುಡಿಕೆಯವರು ಸರಣಿಯನ್ನು ಏಕೆ ನಿಲ್ಲಿಸಿದಿರೆಂಬ ಪ್ರಶ್ನೆಯನ್ನು ದಯವಿಟ್ಟು ತೆಗೆದುಹಾಕಬೇಕು. ಮೂವತ್ತು ವರ್ಷಗಳಿಂದ ಎಲ್ಲರೂ ಅದನ್ನೇ ಕೇಳಿದ್ದಾರೆ, ಅವರು ಉತ್ತರವನ್ನೂ ಕೊಟ್ಟಾಗಿದೆ. ಅದರ ಬದಲು ಭಾನುವಾರದ ಪುಟಗಳನ್ನು ನೋಡಿ. ಮೊದಲು ಪತ್ರಿಕೆಗಳು ತಮಗೆ ಬೇಕಾದಂತೆ ಕತ್ತರಿಸಿ ಜೋಡಿಸಿಕೊಳ್ಳಲು ಅನುಕೂಲವಾಗುವಂತೆ ಚೌಕಗಳನ್ನು ಗೊತ್ತಾದ ಜಾಗದಲ್ಲೇ ಇಡಬೇಕಾಗಿತ್ತು. 1992ರ ಫೆಬ್ರವರಿಯಲ್ಲಿ ಬಿಡುವಿನಿಂದ ಮರಳಿದ ವಾಟರ್ಸನ್, ಕತ್ತರಿಸಬಾರದ ಅರ್ಧ ಪುಟ ಬೇಕೆಂದು ಹಟ ಹಿಡಿದು ಪಡೆದುಕೊಂಡರು. ಆಮೇಲಿನ ಪುಟಗಳಲ್ಲಿ ಚೌಕಗಳು ಉಸಿರಾಡಲು ತೊಡಗುತ್ತವೆ. ಒಬ್ಬ ಚಿತ್ರಕಲಾ ಶಿಕ್ಷಕರಿಗೆ ಇದರಲ್ಲಿ ಕೇಳಲು ಎಷ್ಟೊಂದು ಇದೆ!

ಇನ್ನೊಂದು ಸಲಹೆ: ‘ಉತ್ತರ ಬರೆಯಲೇಬೇಕೆಂದಿಲ್ಲ’ ಎಂಬ ಸಾಲೊಂದನ್ನು ಕೊನೆಯಲ್ಲಿ ಸೇರಿಸಿ. ಅವರ ಮೇಲಿನ ಭಾರ ಇಳಿಯುತ್ತದೆ.

ಕರಾವಳಿಯ ಓದುಗ

ಆ ಸಾಲಿನಿಂದ ಭಾರ ಇಳಿಯುವುದಿಲ್ಲ, ಚೌಕಟ್ಟು ಅವರೇ; ಹೆಚ್ಚುತ್ತದೆ. ಊಟಕ್ಕೆ ಕೂತವರ ಎದುರು ನಿಂತು ‘ನನಗೇನೂ ಬೇಡ, ನೀವು ಊಟ ಮಾಡಿ’ ಎಂದು ಮತ್ತೆ ಮತ್ತೆ ಹೇಳುವವನಂತೆ ಕಾಣುತ್ತದೆ. ಉತ್ತರ ಬೇಡವೆಂಬುದು ನಿಜವಾಗಿದ್ದರೆ ಪತ್ರದಲ್ಲಿ ಉತ್ತರ ಬೇಕಾಗುವಂಥದ್ದೇನೂ ಇರಬಾರದು, ಅಷ್ಟೇ. ಹಳೆಯ ಸಂಚಿಕೆಯವರ ವಿವರಣೆಯಿಂದ ನನ್ನ ನಿಲುವು ಸ್ವಲ್ಪ ಸಡಿಲಾಗಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಡಿಟ್ಕೊ ಉತ್ತರ ಬರೆಯುತ್ತಿದ್ದರೆಂಬ ಮಾತ್ರಕ್ಕೆ ವಾಟರ್ಸನ್ ಅವರಿಗೂ ಪತ್ರಗಳು ಬೇಕಾಗಿವೆ ಎಂದು ಹೇಳುವುದು ಹೇಗೆ?

ಹಳೆಯ ಸಂಚಿಕೆ

ಒಳ್ಳೆಯ ಪ್ರಶ್ನೆ, ಇಬ್ಬರೂ ಒಂದೇ ರೀತಿಯವರೆಂದು ನಾನು ಹೇಳುತ್ತಿಲ್ಲ. ಆದರೆ ವಾಟರ್ಸನ್ ಕೂಡ ಮಾತಿಗೇ ಸಿಗದವರಲ್ಲ. 2005ರಲ್ಲಿ ಸರಣಿಯ ಸಮಗ್ರ ಸಂಪುಟಗಳು ಹೊರಬಂದಾಗ ಪ್ರಕಾಶಕರು ಓದುಗರಿಂದ ಪ್ರಶ್ನೆಗಳನ್ನು ಕೇಳಿ ಪಡೆದರು. ಅವುಗಳಲ್ಲಿ ಹದಿನೈದಕ್ಕೆ ಅವರು ಬರವಣಿಗೆಯಲ್ಲಿ ಉತ್ತರ ಕೊಟ್ಟರು. ತಮಗೆ ಒಗ್ಗುವ ರೀತಿಯಲ್ಲಿ, ತಮಗೆ ಬೇಕಾದಾಗ, ಬರೆದು ಉತ್ತರಿಸುವುದಕ್ಕೆ ಅವರ ಅಡ್ಡಿಯಿದ್ದಂತಿಲ್ಲ. ಪ್ರಕಾಶಕರ ಮೂಲಕ ಕಳುಹಿಸಿದ ಪತ್ರದಲ್ಲಿ ಆ ಆಯ್ಕೆ ಪೂರ್ತಿಯಾಗಿ ಅವರ ಕೈಯಲ್ಲೇ ಉಳಿಯುತ್ತದೆ. ಮನೆಯ ವಿಳಾಸವನ್ನು ಹುಡುಕಿ ತೆಗೆದು ಕಳುಹಿಸಿದರೆ ಹಾಗಾಗುವುದಿಲ್ಲ. ಒಳಗೆ ಎಷ್ಟೇ ವಿನಯದ ಮಾತುಗಳಿದ್ದರೂ ‘ನೀವು ಎಲ್ಲಿರುವಿರೆಂದು ನನಗೆ ಗೊತ್ತು’ ಎಂಬುದನ್ನೇ ಲಕೋಟೆ ಮೊದಲು ಹೇಳುತ್ತದೆ.

‘ಉತ್ತರ ಬೇಡ’ ಎಂಬ ಸಾಲಿನ ವಿಷಯದಲ್ಲಿ ನನ್ನ ಮತ ಕರಾವಳಿಯ ಓದುಗರಿಗೆ. ನನ್ನ ಮೊದಲ ಕರಡಿನಲ್ಲಿ ಆ ಸಾಲೂ ಇತ್ತು, ಜೊತೆಗೆ ಅಂಚೆಚೀಟಿ ಅಂಟಿಸಿದ ಮರುಲಕೋಟೆಯೂ ಇತ್ತು. ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟು ನೋಡಿದಾಗ ನನಗೇ ನಗು ಬಂತು. ಸಾಲನ್ನು ತೆಗೆದು ಲಕೋಟೆಯನ್ನು ಉಳಿಸಿಕೊಂಡೆ.

ಪದಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಇಂಥ ಕಲಾವಿದರು ನಾವು ಬರೆದ ಪದವನ್ನು ನಾವು ಬರೆದದ್ದಕ್ಕಿಂತ ಹೆಚ್ಚು ಎಚ್ಚರದಿಂದ ಓದುತ್ತಾರೆ. 1999ರಲ್ಲಿ, ಸ್ಪೈಡರ್‌ಮ್ಯಾನ್ ಕಥೆಗಳ ಲೇಖಕ ಸ್ಟಾನ್ ಲೀ ಅವರು ಬಹಿರಂಗ ಪತ್ರವೊಂದರಲ್ಲಿ, ಡಿಟ್ಕೊ ಅವರನ್ನು ಸ್ಪೈಡರ್‌ಮ್ಯಾನ್‌ನ ಸಹಸೃಷ್ಟಿಕರ್ತರೆಂದು ತಾವು ಯಾವಾಗಲೂ ‘ಪರಿಗಣಿಸಿರುವುದಾಗಿ’ ಬರೆದರು. ಓದಿದವರೆಲ್ಲ ಅದನ್ನು ದೊಡ್ಡ ಮನಸ್ಸಿನ ಮಾತೆಂದುಕೊಂಡರು. ಡಿಟ್ಕೊ ಮಾತ್ರ, ‘ಪರಿಗಣಿಸುವುದೆಂದರೆ ಆಲೋಚಿಸುವುದು, ಪರಿಶೀಲಿಸುವುದು. ಅದು ಒಪ್ಪಿಕೊಂಡಂತೆಯೂ ಅಲ್ಲ, ಹೇಳಿದಂತೆಯೂ ಅಲ್ಲ’ ಎಂದು ಆ ಒಂದು ಪದವನ್ನೇ ಹಿಡಿದು ಪ್ರತಿಕ್ರಿಯೆ ಬರೆದರು. ಇದನ್ನು ಕೆಲವರು ಮೊಂಡುತನವೆಂದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ತನ್ನ ಕೈಯಿಂದ ಹುಟ್ಟಿದ್ದನ್ನು ಇನ್ನೊಬ್ಬರ ಅಭಿಪ್ರಾಯದ ಮಟ್ಟಕ್ಕೆ ಇಳಿಸಿದರೆ ಯಾರಿಗೂ ನೋವಾಗುತ್ತದೆ. ಆದ್ದರಿಂದ ‘ನನ್ನ ಬದುಕಿನ ದಿಕ್ಕನ್ನೇ ಬದಲಿಸಿದಿರಿ’ ಎಂದು ಬರೆಯುವ ಮೊದಲು, ನಿಜವಾಗಿಯೂ ಬದಲಾದದ್ದು ಏನೆಂದು ನಿಮ್ಮನ್ನು ನೀವೇ ಒಮ್ಮೆ ಕೇಳಿಕೊಳ್ಳಿ.

ರದ್ದಿಪ್ರಿಯ

ಹಳೆಯ ಸಂಚಿಕೆಯವರು ಡಿಟ್ಕೊ ಅವರ ಕೈಬರಹದ ಪತ್ರವನ್ನು ಇಟ್ಟುಕೊಂಡು ಇಷ್ಟು ತಣ್ಣಗೆ ಮಾತನಾಡುತ್ತಿರುವುದನ್ನು ನೋಡಿ ಆಶ್ಚರ್ಯವಾಗುತ್ತಿದೆ. ದಯವಿಟ್ಟು ಅದರ ಸ್ಕ್ಯಾನ್ ಪ್ರತಿಯನ್ನು ಇಲ್ಲಿ ಹಾಕಿ. ಅವರು ತೀರಿಕೊಂಡಾಗಿದೆ, ಅಂಥ ಎಷ್ಟೋ ಪತ್ರಗಳು ಈಗಾಗಲೇ ಅಂತರ್ಜಾಲದಲ್ಲಿವೆ. ಸಂದರ್ಶನವನ್ನೇ ಕೊಡದ ಕಲಾವಿದರ ವಿಷಯದಲ್ಲಿ ಇಂಥ ಪತ್ರಗಳೇ ಇತಿಹಾಸದ ಆಕರ. ನೀವು ಪೆಟ್ಟಿಗೆಯಲ್ಲಿಟ್ಟರೆ ನಿಮ್ಮ ನಂತರ ಅದು ನನ್ನಂಥವರ ಕೈಗೆ, ಅಂದರೆ ರದ್ದಿ ಅಂಗಡಿಗೆ ಬರುತ್ತದೆ. ಕನ್ನಡದ ಎಷ್ಟು ದೊಡ್ಡ ಲೇಖಕರ ಪತ್ರಗಳು ಹಾಗೆ ತೂಕಕ್ಕೆ ಹೋದವೆಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಳೆಯ ಸಂಚಿಕೆ

ರದ್ದಿಪ್ರಿಯರ ವಾದದಲ್ಲಿ ಹುರುಳಿದೆ. ಅದಕ್ಕಾಗಿಯೇ ಉತ್ತರಿಸಲು ಎರಡು ದಿನ ತೆಗೆದುಕೊಂಡೆ. ಆದರೂ ಹಾಕಲಾರೆ.

ಕಾನೂನಿನ ಮಾತು ಚಿಕ್ಕದು. ಕಾಗದ ನನ್ನದು, ಅದರಲ್ಲಿರುವ ಮಾತುಗಳ ಹಕ್ಕು ಬರೆದವರದು. ಅಮೆರಿಕದಲ್ಲಿ ಆ ಹಕ್ಕು ಬರೆದವರು ತೀರಿಕೊಂಡ ಮೇಲೆ 70 ವರ್ಷ ಉಳಿಯುತ್ತದೆ, ಭಾರತದಲ್ಲಿ ಸಾಮಾನ್ಯವಾಗಿ 60 ವರ್ಷ. ಜನರಿಂದ ದೂರವಿದ್ದ ಕಾದಂಬರಿಕಾರ ಸ್ಯಾಲಿಂಜರ್ ಅವರು ತಮ್ಮ ಪತ್ರಗಳನ್ನು ಜೀವನಚರಿತ್ರೆಕಾರರೊಬ್ಬರು ಬಳಸಿಕೊಂಡದ್ದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 1987ರಲ್ಲಿ ಗೆದ್ದದ್ದೂ ಇದೇ ಆಧಾರದ ಮೇಲೆ. ಆದರೆ ನನ್ನನ್ನು ತಡೆಯುತ್ತಿರುವುದು ಕಾನೂನಲ್ಲ. ಆ ಪತ್ರ ನನ್ನೊಬ್ಬನ ಪ್ರಶ್ನೆಗೆ ಕೊಟ್ಟ ಉತ್ತರ. ಇದನ್ನು ಸಾವಿರ ಜನ ಓದುತ್ತಾರೆಂದು ಗೊತ್ತಿದ್ದರೆ ಅವರು ಹಾಗೆ ಬರೆಯುತ್ತಿರಲಿಲ್ಲ. ಬಹುಶಃ ಬರೆಯುತ್ತಲೇ ಇರಲಿಲ್ಲ.

ವಾಟರ್ಸನ್ ಅವರ ವಿಷಯದಲ್ಲಿ ಹೀಗೆ ನಡೆದೇ ಇದೆ. ಅವರು ಬೆಳೆದ ಊರಾದ ಒಹಾಯೋದ ಚಾಗ್ರಿನ್ ಫಾಲ್ಸ್‌ನ ಒಂದು ಪುಸ್ತಕದ ಅಂಗಡಿಯಲ್ಲಿ, ಯಾರಿಗೂ ಹೇಳದೆ, ಕಪಾಟಿನಲ್ಲಿದ್ದ ತಮ್ಮ ಪುಸ್ತಕಗಳಿಗೆ ಸಹಿ ಹಾಕಿಟ್ಟು ಬರುತ್ತಿದ್ದರಂತೆ. ಕೊಂಡವರಿಗೆ ಮನೆಗೆ ಹೋಗಿ ಪುಟ ತೆರೆದಾಗ ಒಂದು ಸಂತೋಷ. ಆ ಪ್ರತಿಗಳನ್ನು ಕೆಲವರು ಅಂತರ್ಜಾಲದಲ್ಲಿ ದುಬಾರಿ ಬೆಲೆಗೆ ಮಾರುತ್ತಿದ್ದಾರೆಂದು ತಿಳಿದ ಮೇಲೆ ಸಹಿ ಹಾಕುವುದನ್ನೇ ನಿಲ್ಲಿಸಿದರು. ಮಾರಿದವರು ಕೆಲವೇ ಮಂದಿ, ಕಳೆದುಕೊಂಡವರು ಎಲ್ಲರೂ. ಕಾರ್ಡಿನ ಮೇಲೆ ಹುಲಿಯ ಚಿತ್ರ ಬೇಕೆಂಬ ಮಸಿಕುಡಿಕೆಯವರ ಕೋರಿಕೆ ಎಷ್ಟು ನಿರ್ಮಲವಾಗಿದ್ದರೂ, ಓದುವವರಿಗೆ ಅದು ಮಾರುವವನ ಕೋರಿಕೆಗಿಂತ ಬೇರೆಯಾಗಿ ಕಾಣಲು ಯಾವ ದಾರಿಯೂ ಇಲ್ಲ.

ನನ್ನ ಪತ್ರ ರದ್ದಿಗೆ ಹೋಗದಂತೆ ಒಂದು ವ್ಯವಸ್ಥೆ ಮಾಡುತ್ತೇನೆ. ಡಿಟ್ಕೊ ಅವರದೇ ‘ಅಮೇಜಿಂಗ್ ಫ್ಯಾಂಟಸಿ’ಯ ಮೂಲ ಚಿತ್ರಗಳ 24 ಹಾಳೆಗಳನ್ನು 2008ರಲ್ಲಿ ಯಾರೋ ಹೆಸರು ಹೇಳದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಮಾರಿದ್ದರೆ ಎಷ್ಟು ಹಣ ಬರುತ್ತಿತ್ತೆಂದು ಹೇಳಬೇಕಾಗಿಲ್ಲ. ನನ್ನ ಒಂದು ಪುಟದ ಪತ್ರಕ್ಕೂ ಯಾವುದಾದರೊಂದು ಗ್ರಂಥಾಲಯದ ಕಡತದಲ್ಲಿ ಜಾಗ ಸಿಗಬಹುದು.

ರದ್ದಿಪ್ರಿಯ

ಒಪ್ಪಿದೆ. ಗ್ರಂಥಾಲಯದವರು ಅದನ್ನು ರದ್ದಿಗೆ ಹಾಕಿದರೆ ಮಾತ್ರ ನನ್ನನ್ನು ದೂರಬೇಡಿ.

ನಿವೃತ್ತ ಅಂಚೆಯವನು

ನಾನು ಶಿರಸಿಯ ಕಡೆಯವನು. ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಾಮಿಕ್ಸ್ ವಿಷಯದಲ್ಲಿ ನನಗೆ ಹೆಚ್ಚು ತಿಳಿಯದು. ಪತ್ರ ಅಲ್ಲಿಯವರೆಗೆ ಹೋಗಿ ಮುಟ್ಟುವ ವಿಷಯದಲ್ಲಿ ಹೇಳುವುದಿದೆ.

ಮೊದಲನೆಯದಾಗಿ, ಅದನ್ನು ರಿಜಿಸ್ಟರ್ ಮಾಡಿಸಬೇಡಿ. ಮುಟ್ಟಿತೋ ಇಲ್ಲವೋ ತಿಳಿಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದಕ್ಕಾಗಿ ಆ ಕಡೆ ಯಾರೋ ಒಬ್ಬರು ಸಹಿ ಹಾಕಬೇಕಾಗುತ್ತದೆ. ಸಹಿ ಕೇಳಿದರೆ ಓಡಿಹೋಗುವವರಿಗೆ ಸಹಿ ಬೇಡುವ ಲಕೋಟೆಯನ್ನೇ ಕಳುಹಿಸುವುದು ಚೆನ್ನಾಗಿರುವುದಿಲ್ಲ. ಸಾಮಾನ್ಯ ಏರ್‌ಮೇಲ್ ಸಾಕು. ಒಳಗೆ ಕಾಗದ ಬಿಟ್ಟು ಬೇರೆ ಯಾವ ವಸ್ತುವನ್ನೂ ಇಡಬೇಡಿ. ಗಂಧದ ತುಂಡು, ಇಳಕಲ್ ಬಟ್ಟೆಯ ಚೂರು ಎಂದು ಇಡಲು ಹೋದರೆ ಕಸ್ಟಮ್ಸ್ ಚೀಟಿ ತುಂಬಬೇಕಾಗುತ್ತದೆ, ತಡವಾಗುತ್ತದೆ.

ಎರಡನೆಯದಾಗಿ, ಮರುಲಕೋಟೆಗೆ ನಮ್ಮ ಅಂಚೆಚೀಟಿ ಅಂಟಿಸಿ ಕಳುಹಿಸುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಮೆರಿಕದಿಂದ ಹೊರಡುವ ಪತ್ರಕ್ಕೆ ಅಮೆರಿಕದ ಚೀಟಿಯೇ ಬೇಕು. ಹಿಂದೆ ಇದಕ್ಕಾಗಿಯೇ ಅಂತರರಾಷ್ಟ್ರೀಯ ರಿಪ್ಲೈ ಕೂಪನ್ (ಆ ಕಡೆಯ ಅಂಚೆ ಕಚೇರಿಯಲ್ಲಿ ಕೊಟ್ಟರೆ ಅಲ್ಲಿಯ ಚೀಟಿ ಸಿಗುವ ಕೂಪನ್) ಎಂಬ ಪದ್ಧತಿ ಇತ್ತು. 1907ರಿಂದ ನಡೆದುಬಂದ ವ್ಯವಸ್ಥೆ ಅದು. ಅಮೆರಿಕದ ಅಂಚೆಯವರು 2013ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿದರು. ಎಲ್ಲಾದರೂ ಕೂಪನ್ ಸಿಕ್ಕಿ ಕಳುಹಿಸಿದರೂ ಆ ಕಡೆಯವರು ಅದನ್ನು ಹಿಡಿದುಕೊಂಡು ಅಂಚೆ ಕಚೇರಿಯಲ್ಲಿ ನಿಲ್ಲಬೇಕಾಗುತ್ತದೆ. ಅಲ್ಲಿ ನೆಂಟರಿದ್ದರೆ ಅವರಿಂದ ಚೀಟಿ ತರಿಸಿಕೊಳ್ಳಿ. ಇಲ್ಲವಾದರೆ ಪತ್ರದ ಮೇಲುಭಾಗದಲ್ಲಿ ನಿಮ್ಮ ವಿಳಾಸವನ್ನು ಬಿಡಿಸಿ ಬರೆದು ಸುಮ್ಮನಿರಿ. ಲಕೋಟೆಯ ಮೇಲೆ ಮಾತ್ರ ವಿಳಾಸ ಬರೆಯುವವರಿದ್ದಾರೆ. ಪ್ರಕಾಶಕರ ಕಚೇರಿಯಲ್ಲಿ ಲಕೋಟೆ ಒಡೆದು ಬಿಸಾಡಿದರೆ ಮುಗಿಯಿತು.

ಅಂಚೆಚೀಟಿ ಸಂಗ್ರಹ ನನ್ನ ಹವ್ಯಾಸ. 2010ರಲ್ಲಿ ಅಮೆರಿಕದ ಅಂಚೆಯವರು ಭಾನುವಾರದ ಚಿತ್ರಸರಣಿಗಳ ಮೇಲೆ 44 ಸೆಂಟಿನ ಐದು ಚೀಟಿಗಳನ್ನು ತಂದಾಗ ಅವುಗಳಲ್ಲಿ ಈ ಹುಡುಗನೂ ಹುಲಿಯೂ ಇದ್ದರು. ಆ ಚೀಟಿ ಅಂಟಿಸಿದ ಪತ್ರವನ್ನು ಯಾವಾಗ ಕಳುಹಿಸುತ್ತೀರೆಂದು ಪತ್ರಿಕೆಯವರು ಕೇಳಿದ್ದಕ್ಕೆ ವಾಟರ್ಸನ್ ಅವರು, ಕೂಡಲೇ ಕುದುರೆಗಾಡಿ ಏರಿ ಹೋಗಿ ಪತ್ರಿಕೆಯ ಚಂದಾಹಣವನ್ನು ಅಂಚೆಯಲ್ಲಿ ಹಾಕಿ ಬರುತ್ತೇನೆ ಎಂಬ ಅರ್ಥದ ತಮಾಷೆಯ ಉತ್ತರ ಕೊಟ್ಟಿದ್ದರು. ಹಳೆಯ ಕಾಲದ ಅಂಚೆಯನ್ನು ಹೀಗೆ ನಗುತ್ತಾ ನೆನೆಯುವವರು ಅಂಚೆಯಲ್ಲಿ ಬಂದ ಪತ್ರಕ್ಕೆ ಮುನಿಸಿಕೊಳ್ಳಲಾರರು ಎಂಬುದು ನನ್ನ ನಂಬಿಕೆ. ನಾನು ಅಂಚೆಯವನು, ನನಗೆ ಹಾಗನ್ನಿಸುವುದು ಸಹಜ.

ಮಸಿಕುಡಿಕೆ

ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ನಾಲ್ಕು ಪುಟಗಳ ಕರಡನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಕೊನೆಯಲ್ಲಿ ನನ್ನ ಹೆಸರನ್ನು ಮಾತ್ರ ಕನ್ನಡ ಲಿಪಿಯಲ್ಲೂ ಬರೆಯುತ್ತೇನೆ.

‘ಮಾನ್ಯ ವಾಟರ್ಸನ್ ಅವರಿಗೆ, ನಾನು ದಕ್ಷಿಣ ಭಾರತದ ಒಂದು ಊರಿನಲ್ಲಿ ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲ. ನಿಮ್ಮ ಸರಣಿಯ ಕೊನೆಯ ಪುಟವನ್ನು ತರಗತಿಯಲ್ಲಿ ತೋರಿಸಿದಾಗ, ಚಿತ್ರಕಾರರು ಅರ್ಧ ಬರೆದು ಬಿಟ್ಟಿದ್ದಾರೆಯೇ ಎಂದು ಒಬ್ಬ ಹುಡುಗ ಕೇಳಿದ. ಬರೆದ ಗೆರೆಗಳನ್ನು ಎಣಿಸು ಎಂದೆ. ಅವನು ಎಣಿಸಿದ, ಆಮೇಲೆ, ಖಾಲಿ ಬಿಟ್ಟ ಜಾಗವೇ ಹಿಮ ಎಂದು ತಾನಾಗಿ ಹೇಳಿದ. ಕಾಗದವನ್ನು ಎಲ್ಲಿ ಮುಟ್ಟಬಾರದು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸಲು ನನಗೆ ಬರುವುದಿಲ್ಲ.

2023ರಲ್ಲಿ ನೀವು ಜಾನ್ ಕ್ಯಾಶ್ಟ್ ಅವರೊಡನೆ ಸೇರಿ ಮಾಡಿದ ಪುಸ್ತಕವನ್ನೂ ಮಕ್ಕಳಿಗೆ ತೋರಿಸಿದೆ. ಇಬ್ಬರು ಮಕ್ಕಳನ್ನು ಒಂದೇ ಹಾಳೆಗೆ ಕೂರಿಸಿದರೆ ನಮ್ಮಲ್ಲಿ ಜಗಳವಾಗುತ್ತದೆ. ಒಬ್ಬ ಮುಗಿಯಿತೆಂದದ್ದನ್ನು ಇನ್ನೊಬ್ಬ ತಿದ್ದಲು ಹೊರಡುತ್ತಾನೆ. ಇಬ್ಬರು ಕೂಡಿ ಬರೆದ ಚಿತ್ರ ಮುಗಿಯಿತೆಂದು ಹೇಳುವವರು ಯಾರು? ಮಕ್ಕಳ ಪರವಾಗಿ ಇದೊಂದೇ ಪ್ರಶ್ನೆ. ಇತಿ, ನಿಮ್ಮ ಓದುಗ.’

ಚೌಕಟ್ಟು

ಇದು ಪತ್ರ. ಒಂದೇ ಒಂದು ಕೊರತೆ: ‘ಇದಕ್ಕಿಂತ ಚೆನ್ನಾಗಿ ಕಲಿಸಲು ನನಗೆ ಬರುವುದಿಲ್ಲ’ ಎಂಬಲ್ಲಿ ನಿಮ್ಮ ವಿನಯ ಸ್ವಲ್ಪ ಮುಂದೆ ಬಂದು ನಿಂತಿದೆ. ಹುಡುಗ ಹೇಳಿದ ಮಾತಿಗೇ ಆ ಪರಿಚ್ಛೇದವನ್ನು ನಿಲ್ಲಿಸಿಬಿಡಿ.

ಕರಾವಳಿಯ ಓದುಗ

ಕಳುಹಿಸಿ. ಉತ್ತರ ಬಂದರೂ ಬರದಿದ್ದರೂ ಇಲ್ಲಿ ಹೇಳಬೇಡಿ ಎಂಬುದಷ್ಟೇ ನನ್ನ ವಿನಂತಿ.

ಮಸಿಕುಡಿಕೆ

ಚೌಕಟ್ಟು ಅವರು ಹೇಳಿದಂತೆ ಆ ಸಾಲನ್ನು ತೆಗೆದಿದ್ದೇನೆ. ಕರಾವಳಿಯ ಓದುಗರ ವಿನಂತಿಯನ್ನೂ ಒಪ್ಪಿದ್ದೇನೆ. ಪತ್ರವನ್ನು ಪ್ರಕಾಶಕರ ವಿಳಾಸಕ್ಕೆ ಬರೆದಿದ್ದೇನೆ, ಇನ್ನೂ ಅಂಟಿಸಿಲ್ಲ. ಕೊನೆಯ ಒಂದು ಸಂದೇಹ. ಗೆರೆಗಳನ್ನು ಎಣಿಸಿದ ಆ ಹುಡುಗ ತಾನೂ ಒಂದು ಚಿತ್ರ ಬರೆದು ತಂದುಕೊಟ್ಟಿದ್ದಾನೆ, ಅದನ್ನೂ ಕಳುಹಿಸಿ ಎನ್ನುತ್ತಿದ್ದಾನೆ. ಅಂಗೈಯಗಲದ ಹಾಳೆ. ಹಿಮದ ಮೇಲೆ ಜಾರುಬಂಡಿ ಎಳೆಯುವುದನ್ನು ನೋಡದ ಅವನು, ಅಜ್ಜನ ಮನೆಯ ತೋಟದಲ್ಲಿ ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಎಳೆಯುತ್ತಿರುವ ಚಿತ್ರ ಬರೆದಿದ್ದಾನೆ. ಇದನ್ನು ಇಡುವುದು ಸರಿಯೇ?

ನಿವೃತ್ತ ಅಂಚೆಯವನು

ಇಡಿ. ಅದು ಕಾಗದವೇ, ಕಸ್ಟಮ್ಸ್ ಚೀಟಿ ಬೇಡ, ಇಪ್ಪತ್ತು ಗ್ರಾಮ್ ದಾಟದಂತೆ ಒಮ್ಮೆ ತೂಕ ಮಾಡಿಸಿ. ನಮ್ಮ ಕಡೆಯ ಆಟ ಅದು, ನಾನೂ ಎಳೆದವನೇ.

ಹಳೆಯ ಸಂಚಿಕೆ

ಹಿಂದಕ್ಕೆ ಕಳುಹಿಸಿ ಎಂದು ಮಾತ್ರ ಎಲ್ಲೂ ಬರೆಯಬೇಡಿ. ಹುಡುಗನ ಪೂರ್ತಿ ಹೆಸರಾಗಲೀ ಶಾಲೆಯ ಹೆಸರಾಗಲೀ ಅದರ ಮೇಲೆ ಬೇಡ. ಅಡಿಕೆ ಹಾಳೆಯೆಂದರೆ ಏನೆಂಬುದು ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಹಿಂಬದಿಯಲ್ಲಿ ಒಂದು ಸಾಲು ವಿವರಣೆ ಇರಲಿ.

ಮಸಿಕುಡಿಕೆ

ಹಿಂಬದಿಯಲ್ಲಿ ಅವನೇ ಬರೆದಿದ್ದಾನೆ, ಸೀಸದ ಕಡ್ಡಿಯಲ್ಲಿ, ಇಂಗ್ಲಿಷಿನಲ್ಲಿ: ‘ಇದು ಅಡಿಕೆ ಮರದಿಂದ ತಾನಾಗಿ ಬೀಳುತ್ತದೆ. ಇದರಲ್ಲಿ ಊಟದ ತಟ್ಟೆಯನ್ನೂ ಮಾಡುತ್ತಾರೆ. ಇಬ್ಬರಿಗಿಂತ ಹೆಚ್ಚು ಕೂತರೆ ಹರಿಯುತ್ತದೆ.’ ನಾನು ತಿದ್ದಲು ಹೋಗಲಿಲ್ಲ. ನಾಳೆ ಬೆಳಗಿನ ಶಾಲೆಗೆ ಮುಂಚೆ ಅಂಚೆಗೆ ಹಾಕುತ್ತೇನೆ.